ಬಲಗಾಲಿಗೆ ಅರಿಷಿಣ, ಎಡಗಾಲಿಗೆ ನಿಯಮ

ನಮ್ಮ ಮನೆಯ ಗೋಡೆಗಳು ಹಳದಿಯಾಗಿದ್ದವು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಪದ್ಮಾ ಇದನ್ನು ಒಪ್ಪುವುದಿಲ್ಲ. ಗೋಡೆಗೆ ಬಿಳಿ ಸುಣ್ಣವನ್ನೇ ಬಳಿಯುತ್ತಿದ್ದರು, ಬಕೀಟು ಹಿಡಿದು ನಿಲ್ಲುತ್ತಿದ್ದವಳು ತಾನೇ ಎನ್ನುತ್ತಾಳೆ. ಅವಳ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ಆದರೆ ಕಣ್ಣು ಮುಚ್ಚಿದರೆ ಕಾಣುವುದು ಹಳದಿಯೇ. ಬೇಡಕಿಹಾಳದ ಆ ಮನೆಯ ಹಿಂದೆಯೇ ನಮ್ಮ ಹೊಲ, ಹೊಲದಲ್ಲಿ ಕಬ್ಬು, ಕಬ್ಬಿನ ಪಕ್ಕದಲ್ಲಿ ಅರಿಷಿಣ. ಚಳಿ ಮುಗಿಯುವ ಹೊತ್ತಿಗೆ ಅರಿಷಿಣ ಅಗೆದು, ಬೆಲ್ಲದ ಕಡಾಯಿಯಷ್ಟು ದೊಡ್ಡ ಕಡಾಯಿಯಲ್ಲಿ ಕಬ್ಬಿನ ಒಣ ಎಲೆಯ, ಅಂದರೆ ರವದಿಯ, ಬೆಂಕಿ ಹಾಕಿ ಕುದಿಸುತ್ತಿದ್ದರು. ಬೆಂದ ಕೊಂಬುಗಳನ್ನು ಅಂಗಳದಲ್ಲಿ, ಮಾಳಿಗೆಯ ಮೇಲೆ, ಕೊನೆಗೆ ಜಾಗ ಸಾಲದೆ ಪಡಸಾಲೆಯಲ್ಲೂ ಹರವುತ್ತಿದ್ದರು. ಆ ಎರಡು ತಿಂಗಳು ನಮ್ಮ ಅಂಗಾಲು ಹಳದಿ, ಉಗುರು ಹಳದಿ, ಶಾಲೆಯಲ್ಲಿ ಬರೆಯುವ ಪಟ್ಟಿಯ ಅಂಚು ಹಳದಿ, ಎಮ್ಮೆಯ ಬಾಲ ಕೂಡ ಹಳದಿ. ಯಾರ ಕೈ ಎಲ್ಲಿ ತಾಗಿತು ಎಂದು ಹಳದಿ ನೋಡಿ ಹೇಳುವುದು ನಮ್ಮ ಮನೆಯಲ್ಲಿ ಸಾಧ್ಯವಿರಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಅದನ್ನು ನೆನಪಿಟ್ಟುಕೊಳ್ಳಲಿಲ್ಲ, ಅದರಿಂದಲೇ ಇಷ್ಟೆಲ್ಲ ಆಯಿತು.

ಮನೆಯಲ್ಲಿ ಎಲ್ಲರಿಗಿಂತ ದೊಡ್ಡವಳು ಆಯಿ, ಅಪ್ಪನ ತಾಯಿ. ನಾವು ಜೈನರು. ನೆಲದೊಳಗೆ ಬೆಳೆಯುವ ಗಡ್ಡೆಯನ್ನು ಆಯಿ ಬಾಯಿಗೆ ಹಾಕಿದವಳಲ್ಲ. ಒಂದು ಹಸಿ ಗಡ್ಡೆಯಲ್ಲಿ ಎಣಿಸಲಾರದಷ್ಟು ಜೀವಗಳಿರುತ್ತವೆ ಎಂಬುದು ಅವಳಿಗೆ ಓದಿ ತಿಳಿದದ್ದಲ್ಲ, ಹಸಿವಿನಷ್ಟೇ ಸಹಜವಾಗಿ ಗೊತ್ತಿದ್ದದ್ದು. ಬಟಾಟಿ ಇಲ್ಲ, ಉಳ್ಳಾಗಡ್ಡಿ ಇಲ್ಲ, ಹಸಿ ಶುಂಠಿ ಇಲ್ಲ. ಅರಿಷಿಣವೂ ಗಡ್ಡೆಯೇ. ಆದರೆ ಒಣಗಿದ ಅರಿಷಿಣ ನಡೆಯುತ್ತಿತ್ತು, ಒಣಗಿದ ಮೇಲೆ ಅದರಲ್ಲಿ ಜೀವ ಉಳಿಯುವುದಿಲ್ಲ. ಹಸಿಯದನ್ನು ಅವಳು ಕೈಯಿಂದಲೂ ಮುಟ್ಟುತ್ತಿರಲಿಲ್ಲ. ಕಡಾಯಿ ಏರಿಸುವ ದಿನ ಹಿತ್ತಲಿನ ಬಾಗಿಲು ಹಾಕಿಕೊಂಡು ಜಪಮಣಿ ಹಿಡಿದು ಕೂಡುತ್ತಿದ್ದಳು. ನನಗೆ ಆಗ ಹನ್ನೊಂದು ವರ್ಷ, ಕೇಳಬಾರದ್ದನ್ನು ಕೇಳುವ ವಯಸ್ಸು.

"ಆಯಿ, ತಿಂದ್ರ ಪಾಪ ಅಂತಿ. ಅಷ್ಟೂ ಕುದಿಸಿದ್ರ ಪಾಪ ಇಲ್ಲೇನು?"

"ಐತಿ. ಅದಕ್ಕಽ ಬಾಗಲಾ ಹಾಕ್ಕೊಂಡು ಕುಂತೀನಿ."

"ಬಾಗಲಾ ಹಾಕಿದ್ರ ಪಾಪ ಕಡಿಮಿ ಆಕ್ಕೈತೇನು?"

"ಬೆಳಿಯೂದು ಬದುಕಾಕ, ತಿನ್ನೂದು ರುಚಿಗೆ. ಎರಡೂ ಒಂದಽ ಅಂತ ನಿನಗ ಯಾವ ಮಾಸ್ತರ ಹೇಳ್ಯಾನ? ಹೋಗು, ಹೊರಗ ಆಡು."

ಆ ವರ್ಷ ಆಯಿಯ ಮೊಣಕಾಲು ಬಾತವು, ಎರಡೂ ಒಟ್ಟಿಗೆ. ಬಸದಿಯಲ್ಲಿ ನಮಸ್ಕಾರಕ್ಕೆ ಬಗ್ಗಿದವಳು ಏಳಲಾರದೆ ಕಂಬ ಹಿಡಿದು ಏಳತೊಡಗಿದಳು. ಅಪ್ಪ ಅವಳನ್ನು ಚಿಕ್ಕೋಡಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ನುಂಗಿದರೆ ಮೊಣಕಾಲಿಗೆ ಸುಖ, ಹೊಟ್ಟೆಗೆ ಬೆಂಕಿ. ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟದವಳು ಮುಂಜಾನೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗುತ್ತಾಳೆಂದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು. ನಾಲ್ಕು ದಿನಕ್ಕೆ ಗುಳಿಗೆ ಬಿಟ್ಟು ತನ್ನದೇ ಅರಿಷಿಣದ ಲೇಪ ಶುರು ಮಾಡಬೇಕೆಂದು ಆಯಿ ಹಟ ಹಿಡಿದಳು. ಅವಸರ ಅವಳಿಗೆ ಬೇರೆಯೇ ಇತ್ತು. ಊರಿನ ಬಸದಿಯವರು ಹುಣ್ಣಿಮೆ ಕಳೆದ ಮರುದಿನ ಟ್ರಕ್ಕು ಮಾಡಿಕೊಂಡು ಬಾಹುಬಲಿಯ ಬೆಟ್ಟಕ್ಕೆ ಹೊರಡುವವರಿದ್ದರು. ಮದುವೆಯಾಗಿ ಬಂದಂದಿನಿಂದ ಆಯಿ ಆ ಬೆಟ್ಟ ಹತ್ತಬೇಕೆಂದಿದ್ದಳು. ಒಂದು ವರ್ಷ ಬಾಣಂತನ, ಒಂದು ವರ್ಷ ಸೂತಕ, ಒಂದು ವರ್ಷ ಎಮ್ಮೆ ಈಯುವುದಿತ್ತು. ಈಗ ಮೊಣಕಾಲು. ಬಾವು ಇಳಿಯದೆ ಮೆಟ್ಟಿಲು ಹತ್ತಿಸಿದರೆ ಕಾಲು ಕೆಟ್ಟೇ ಹೋಗುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ಅಪ್ಪ ಒಂದೇ ಮಾತು ಹೇಳಿದ.

"ಹುಣ್ಣಿಮಿಗೆ ಬಾವು ಇಳಿದಿದ್ರ ನಾನಽ ಟ್ರಕ್ ಹತ್ತಿಸ್ತೀನಿ. ಇಳೀಲಿಲ್ಲಂದ್ರ ಸುಮ್ಮ ಮನ್ಯಾಗ ಇರಬೇಕು, ನೋಡವ್ವಾ."

"ಈಗಾಗಲೇ ಇಳದೈತಲ್ಲೋ."

"ನಿನ್ನ ಮಾತ ಯಾರು ನಂಬಬೇಕು. ಹೋದ ವರ್ಷ ಕಾಲ್ಬೆರಳ ಮುರದಾಗನೂ ಇದಽ ಅಂದಿದ್ದಿ."

ನಾನು ಮಧ್ಯೆ ಬಿದ್ದದ್ದು ಇಲ್ಲಿ. ಆ ವಾರವಷ್ಟೇ ಶಾಲೆಯಲ್ಲಿ ವಿಜ್ಞಾನದ ಸರ್ ಎರಡು ಡಬ್ಬಿಗಳಲ್ಲಿ ಹೆಸರುಕಾಳು ಬಿತ್ತಿ, ಒಂದನ್ನು ಬಿಸಿಲಲ್ಲಿ, ಇನ್ನೊಂದನ್ನು ಕಪಾಟಿನ ಕತ್ತಲಲ್ಲಿ ಇಟ್ಟಿದ್ದರು. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಮಾಡದೆ ಬಿಟ್ಟರೆ ಮಾತ್ರ ಯಾವುದರಿಂದ ಏನಾಯಿತು ಎಂದು ತಿಳಿಯುತ್ತದೆ, ಉಳಿದದ್ದೆಲ್ಲ ಬಾಯಿಮಾತು ಎಂದಿದ್ದರು. ನನಗೆ ಆ ಮಾತು ತಲೆಗೇರಿತ್ತು. ನಡೆಯುವಾಗ, ಉಣ್ಣುವಾಗ ನನಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿದ್ದವು. ಎರಡು ಎತ್ತು, ಎರಡು ಕೊಡ, ಎರಡು ಒಲೆ. ಮತ್ತು ಇದೋ, ಒಂದೇ ಹೆಂಗಸಿಗೆ ಒಂದೇ ಸಮನೆ ಬಾತ ಎರಡು ಮೊಣಕಾಲು. ಇದಕ್ಕಿಂತ ಒಳ್ಳೆಯ ಪ್ರಯೋಗ ಇಡೀ ತಾಲೂಕಿನಲ್ಲಿ ಯಾರಿಗೆ ಸಿಕ್ಕೀತು ಎಂದು ಎದೆ ಹೊಡೆದುಕೊಂಡದ್ದು ಈಗಲೂ ನೆನಪಿದೆ. ನೆನಪಿದೆ ಎಂದುಕೊಳ್ಳುತ್ತೇನೆ.

"ಆಯಿ, ಲೇಪ ಬಲಗಾಲಿಗಷ್ಟಽ ಹಚ್ಚು. ಎಡಗಾಲಿಗೆ ಹಚ್ಚಬ್ಯಾಡ. ಹುಣ್ಣಿಮಿಗೆ ಎರಡೂ ಅಳತಿ ಮಾಡೂಣು. ಬಲಗಾಲ ಸಣ್ಣ ಆಗಿದ್ರ ಲೇಪ ಖರೆ. ಅಪ್ಪ ಏನೂ ಅನ್ನೂಹಂಗಿಲ್ಲ."

"ಎಡಗಾಲ ಏನ ತಪ್ಪ ಮಾಡೈತೋ?"

"ತಪ್ಪಲ್ಲ ಆಯಿ, ತಾಳೆ ನೋಡಾಕ. ಬಲಗಾಲ ಗೆದ್ರ ಬೆಟ್ಟದ ಮ್ಯಾಲೆ ಎಡಗಾಲಿಗೂ ಹಚ್ಚೀಯಂತ."

ಅಪ್ಪ ನಕ್ಕ. ಆದರೆ ಇದು ಅವನಿಗೂ ಹಿಡಿಸಿತು, ಏಕೆಂದರೆ ತಾಯಿಯ ಬಾಯಿಯನ್ನು ನಂಬದವನಿಗೆ ಅಳತೆಯಾದರೂ ಸಿಕ್ಕಿತು. ಆಯಿ ಹೂಂ ಅಂದಳು. ಅವಳ ಹೂಂ ಎಷ್ಟು ದಿನ ಬಾಳುತ್ತದೆಂದು ನನಗೆ ಗೊತ್ತಿತ್ತು. ಮಾತು ಕೊಟ್ಟರೆ ಮುರಿದಾಳು, ನಿಯಮ ಹಿಡಿದರೆ ಮುರಿಯಲಾರಳು. ನಿಯಮವೆಂದರೆ ನಮ್ಮಲ್ಲಿ ದೇವರ ಮುಂದೆ ಹಿಡಿಯುವ ವ್ರತ. ಇಷ್ಟು ದಿನ ತುಪ್ಪ ತಿನ್ನುವುದಿಲ್ಲ, ಇಷ್ಟು ದಿನ ಮಾತಾಡುವುದಿಲ್ಲ ಎಂದು ಹಿಡಿದರೆ ಮುಗಿಯಿತು, ಮುರಿದವರಿಗೆ ಪ್ರಾಯಶ್ಚಿತ್ತ. ನಾನು ಅವಳನ್ನು ದೇವರ ಕೋಣೆಗೆ ಕರೆದುಕೊಂಡು ಹೋಗಿ, ಕೈಯಲ್ಲಿ ಅಕ್ಕಿ ಕೊಟ್ಟು ಹೇಳಿಸಿದೆ: ಹುಣ್ಣಿಮೆಯವರೆಗೆ ಎಡಗಾಲಿಗೆ ಅರಿಷಿಣ ಸೋಂಕಿಸುವುದಿಲ್ಲ. ಜಗತ್ತಿನ ಯಾವ ಪ್ರಯೋಗಶಾಲೆಯಲ್ಲೂ ರೋಗಿಯನ್ನು ಹೀಗೆ ಕಟ್ಟಿಹಾಕಿರಲಾರರು. ನನಗೆ ಹೆಮ್ಮೆಯಾಯಿತು.

ಲೇಪ ಮಾಡುವುದನ್ನು ನೋಡುವುದೇ ಒಂದು ಸಡಗರ. ಒಣ ಅರಿಷಿಣದ ಪುಡಿ, ಔಡಲ ಎಣ್ಣೆ, ಚಿಟಿಕೆ ಸುಣ್ಣ. ಸುಣ್ಣ ಬಿದ್ದೊಡನೆ ಹಳದಿಯೆಲ್ಲ ರಕ್ತದಂತೆ ಕೆಂಪಾಗಿ, ಬಟ್ಟೆಗೆ ಹತ್ತಿ ಒಣಗಿದರೆ ಮತ್ತೆ ಹಳದಿಯಾಗುತ್ತಿತ್ತು, ನಾನು ಪ್ರತಿದಿನವೂ ಅದನ್ನು ಹೊಸದೆಂಬಂತೆ ನೋಡುತ್ತಿದ್ದೆ. ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಲಕ್ಕಿ ಎಲೆಯ ಮೇಲೆ ಸವರಿ ಬಟ್ಟೆಯಿಂದ ಕಟ್ಟುತ್ತಿದ್ದರು. ಕಟ್ಟುವವಳು ಅಕ್ಕ. ಅಳೆಯುವವಳೂ ಅಕ್ಕನೇ. ಗಂಡುಹುಡುಗರು ಹೆಂಗಸರ ಮೊಣಕಾಲು ನೋಡಬಾರದೆಂದು ಆಯಿ ಪಟ್ಟು ಹಿಡಿದಿದ್ದಳು. ಆದ್ದರಿಂದ ನಾನು ಹೊಸ್ತಿಲ ಹೊರಗೆ ನಿಂತು ಆಜ್ಞೆ ಕೊಡುವುದು, ಅಕ್ಕ ಒಳಗೆ ಹತ್ತಿಯ ದಾರ ಸುತ್ತಿ, ಸೇರಿದಲ್ಲಿ ಗಂಟು ಹಾಕಿ ತಂದುಕೊಡುವುದು. ಮೊದಲ ದಿನ, ಅಮಾವಾಸ್ಯೆಯಂದು, ಎರಡೂ ದಾರ ಒಂದೇ ಉದ್ದ. ಅವನ್ನು ಖಾಲಿ ಕುಂಕುಮದ ಡಬ್ಬಿಯಲ್ಲಿ ಹಾಕಿ ದೇವರ ಕೋಣೆಯ ಗೂಡಿನಲ್ಲಿಟ್ಟೆ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ ಎಂದುಕೊಂಡಿದ್ದೆ.

ಆಮೇಲಿನ ಹದಿನೈದು ದಿನ ಮನೆ ಎರಡು ಪಕ್ಷವಾಯಿತು. ಅವ್ವ ಲೇಪದ ಕಡೆ, ಅಪ್ಪ ಗುಳಿಗೆಯ ಕಡೆ. ಅಪ್ಪನ ತಮ್ಮನಾದ ಕಾಕನ ಹೆಂಡತಿ ನಿಪ್ಪಾಣಿಯವಳು, ನಾವು ಕಾಕು ಎನ್ನುತ್ತಿದ್ದೆವು. ಅವಳು ಯಾರ ಕಡೆಯೂ ಅಲ್ಲ, ನನ್ನ ವಿರುದ್ಧ.

"ಅಗ ಬಾಯಿ, ಡಾಕ್ಟರ ಸಾಹೇಬ್ರು ಬಂದ್ರು. ಸಾಹೇಬ್ರ, ನಮ್ಮ ಎಮ್ಮಿಗೆ ನಾಕ ಕಾಲ ಅದಾವ, ಯಾವದಕ್ಕ ಹಚ್ಚೂಣ್ರಿ?"

"ಎಮ್ಮಿ ಕಾಲ ಬಾತಿಲ್ಲ ಕಾಕು."

"ಬಾಯಿ ಬಾತೈತಿ ನೋಡ್ರಿ ಒಬ್ಬರದ."

ನಾನು ಪಟ್ಟಿಯ ಹಿಂದಿನ ಪುಟದಲ್ಲಿ ಎಲ್ಲ ಬರೆದಿಡುತ್ತಿದ್ದೆ. ಆಯಿ ಇಂದು ಕಂಬ ಹಿಡಿಯದೆ ಎದ್ದಳು. ಆಯಿ ಇಂದು ಬಾವಿಕಟ್ಟೆಯವರೆಗೆ ನಡೆದಳು. ಆಯಿ ಇಂದು ಕಾಕುವಿನ ಜೊತೆ ಜಗಳ ತೆಗೆದಳು. ಶಾಲೆಯಿಂದ ಓಡುತ್ತಲೇ ಮನೆಗೆ ಬರುತ್ತಿದ್ದೆ. ಗೆಲ್ಲುತ್ತಿದ್ದೇವೆ ಎನ್ನಿಸುತ್ತಿತ್ತು. ಆಯಿ ಟ್ರಕ್ಕಿಗೆ ಹಾಸಲು ಕೌದಿ ಬಿಸಿಲಿಗೆ ಹಾಕಿದಳು, ದಾರಿಗೆಂದು ಅವ್ವನ ಕೈಯಲ್ಲಿ ದಶಮಿರೊಟ್ಟಿ ಮಾಡಿಸಲು ಹಿಟ್ಟು ಬೀಸಿಸಿದಳು.

ಹುಣ್ಣಿಮೆಯ ದಿನ ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಅಕ್ಕ ಒಳಗೆ ಹೋಗಿ ಎರಡು ದಾರ ತಂದಳು. ನಾನು ಗೂಡಿನಿಂದ ಡಬ್ಬಿ ತೆಗೆದೆ. ಖಾಲಿ. ಮೊದಲ ದಿನದ ದಾರಗಳಿರಲಿಲ್ಲ. ಹತ್ತಿಯ ದಾರ ಸುಮ್ಮನೆ ಬಿದ್ದಿದೆಯಲ್ಲ ಎಂದು ಆಯಿ ಹಿಂದಿನ ದಿನವೇ ಅವನ್ನು ಹೊಸೆದು ಬತ್ತಿ ಮಾಡಿ ಆರತಿಗೆ ಹಚ್ಚಿದ್ದಳು. ನನ್ನ ಪುರಾವೆ ದೇವರ ಮುಂದೆ ಉರಿದುಹೋಗಿತ್ತು. ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. ಆಮೇಲೆ ಸರ್ ಮಾತು ನೆನಪಾಯಿತು. ಮೊದಲಿನದು ಇಲ್ಲದಿದ್ದರೇನು, ಬಲಕ್ಕೂ ಎಡಕ್ಕೂ ತಾಳೆ ನೋಡಿದರೆ ಸಾಕಲ್ಲ. ಹೊಸ ದಾರಗಳೆರಡನ್ನೂ ಪಕ್ಕಪಕ್ಕ ಹಿಡಿದೆ. ಒಂದೇ ಉದ್ದ, ಗಂಟಿಗೆ ಗಂಟು. ಮತ್ತೊಮ್ಮೆ ಹಿಡಿದೆ, ಎಳೆದು ಹಿಡಿದೆ. ಒಂದೇ.

"ಏನಾತೋ?" ಎಂದ ಅಪ್ಪ.

"ಎರಡೂ ಒಂದಽ ಅದಾವ. ಲೇಪದಿಂದ ಏನೂ ಆಗಿಲ್ಲ."

ಆ ಮಾತು ಹೇಳುವಾಗ ನನಗೆ ದುಃಖವಾಗಿತ್ತೇ? ಆಗಿತ್ತೆಂದು ಬರೆಯಲು ಮನಸ್ಸಿದೆ. ನಿಜ ಹೇಳಬೇಕೆಂದರೆ ಮೈ ಜುಮ್ಮೆಂದಿತ್ತು. ಇಡೀ ಊರು ತಲೆಮಾರುಗಳಿಂದ ನಂಬಿದ್ದನ್ನು ಎರಡು ದಾರದಿಂದ ಸುಳ್ಳು ಮಾಡಿದ್ದೆ. ಆಯಿ ಬಾಯಿ ತೆರೆದಳು, ಅಕ್ಕನ ಮುಖ ನೋಡಿದಳು, ಬಾಯಿ ಮುಚ್ಚಿದಳು. ಅಕ್ಕ ನೆಲ ನೋಡುತ್ತಿದ್ದಳು. ಅವ್ವ ಮಾತ್ರ ಕೇಳಿದಳು.

"ಅತ್ತಿ, ನಿಮಗ ಹಗರ ಆಗೇತಿ ಅಂದ್ರೆಲ್ರಿ?"

"ಹುಡುಗ ಅಳತಿ ಮಾಡ್ಯಾನಲ್ಲ. ಬ್ಯಾಡ ಬಿಡು, ನಾ ಹೋಗೂದಿಲ್ಲ."

ಅಷ್ಟು ಸುಲಭವಾಗಿ ಆಯಿ ಸೋತದ್ದನ್ನು ನಾವ್ಯಾರೂ ನೋಡಿರಲಿಲ್ಲ. ಅಪ್ಪನಿಗೇ ಇರುಸುಮುರುಸಾಯಿತು. ಮರುದಿನ ಟ್ರಕ್ಕು ಹೊರಟಾಗ ಅವಳು ಬಾಗಿಲಿಗೂ ಬರಲಿಲ್ಲ. ಕಡಾಯಿಯ ದಿನಗಳಂತೆ ಹಿತ್ತಲಿನ ಬಾಗಿಲು ಹಾಕಿಕೊಂಡು ಜಪಮಣಿ ಹಿಡಿದಿದ್ದಳು. ನಾನು ಆ ಹೊತ್ತಿಗೆ ಶಾಲೆಯಲ್ಲಿ ಸರ್ ಮುಂದೆ ದಾರಗಳನ್ನು ತೋರಿಸುತ್ತಿದ್ದೆ. ಅವರು ನನ್ನ ಬೆನ್ನು ತಟ್ಟಿದರು. ಮನೆಯಲ್ಲಿ ಲೇಪ ನಿಂತಿತು, ಗುಳಿಗೆ ಮತ್ತೆ ಶುರುವಾಯಿತು, ಆಯಿ ಮತ್ತೆ ಕಂಬ ಹಿಡಿದು ಏಳತೊಡಗಿದಳು. ಯಾರು ಏನೇ ಹೇಳಿದರೂ ಪುರಾವೆ ಕೇಳುವ ಹುಡುಗನಾಗಿ ನಾನು ಬೆಳೆದೆ. ಹೈಸ್ಕೂಲಿನಲ್ಲಿ, ಕಾಲೇಜಿನಲ್ಲಿ, ಯಾರಾದರೂ ಮನೆಮದ್ದಿನ ಮಾತೆತ್ತಿದರೆ ನನ್ನ ಬಳಿ ಈ ಕಥೆ ಸಿದ್ಧವಿರುತ್ತಿತ್ತು. ಎಲ್ಲರೂ ನಗುತ್ತಿದ್ದರು.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಓದುವಾಗ ನಮಗೆ ಕೊಟ್ಟ ಕೆಲಸಗಳಲ್ಲಿ ಅರಿಷಿಣದಿಂದ ಅದರ ಹಳದಿ ದ್ರವ್ಯವನ್ನು ಬೇರ್ಪಡಿಸುವುದೂ ಒಂದು. ಕರ್ಕ್ಯುಮಿನ್ ಎಂಬ ಹೆಸರು ನಾನು ಕೇಳಿದ್ದು ಆಗಲೇ. ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಾಯಿಸಿ, ಸೋಸಿ, ಆರಿಸಿದರೆ ಗಾಜಿನ ತಳದಲ್ಲಿ ಕೇಸರಿ ಬಣ್ಣದ ಸಣ್ಣ ಹರಳುಗಳು. ಒಂದು ಹನಿ ಸುಣ್ಣದ ನೀರು ಹಾಕಿದೆ. ರಕ್ತದಂತೆ ಕೆಂಪಾಯಿತು. ಆಯಿಯ ಬಾಣಲೆಯ ಕೆಂಪೇ ಅದು. ಔಷಧ ವಿಭಾಗದಲ್ಲಿದ್ದ ಗೆಳೆಯನೊಬ್ಬ ಅದನ್ನೇ ಇಲಿಗಳಿಗೆ ಕೊಟ್ಟು ನೋಡುತ್ತಿದ್ದ. ಇಲಿಯ ಪಾದಕ್ಕೆ ಚುಚ್ಚಿ ಬಾವು ಬರಿಸುವುದು, ಪಾದವನ್ನು ಪಾದರಸದಲ್ಲಿ ಅದ್ದಿ ಎಷ್ಟು ಬಾತಿದೆ ಎಂದು ಅಳೆಯುವುದು. ನಾನು ಚುಚ್ಚಲಿಲ್ಲ, ಅಂಕಿ ಬರೆದುಕೊಳ್ಳಲು ಕುಳಿತೆ. ಹಳದಿ ಕುಡಿದ ಇಲಿಗಳ ಪಾದ ಕಡಿಮೆ ಬಾತಿತ್ತು. ಮತ್ತೆ ಮಾಡಿಸಿದೆ. ಮತ್ತೆ ಕಡಿಮೆ. ಪುಸ್ತಕಾಲಯಕ್ಕೆ ಓಡಿದರೆ ಅಲ್ಲಿ ಇದೇ ಮಾತು ಹೇಳುವ ಲೇಖನಗಳು ಮೊದಲೇ ಇದ್ದವು, ನಾನೇ ಎಂದೂ ಹುಡುಕಿರಲಿಲ್ಲ. ನಾನು ಹುಡುಗನಾಗಿ ಸುಳ್ಳು ಮಾಡಿದ್ದು ಎದ್ದು ಬಂದು ಎದುರು ನಿಂತಿತ್ತು. ಆ ಶನಿವಾರವೇ ಬಸ್ಸು ಹತ್ತಿದೆ. ಕೈಯಲ್ಲಿ ಹರಳಿನ ಶೀಶೆ.

ಆಯಿ ಪಡಸಾಲೆಯಲ್ಲಿ ಗೋಡೆಗೆ ಆತುಕೊಂಡು ಕುಳಿತಿದ್ದಳು. ಅಕ್ಕ ಕಾಗವಾಡದ ಗಂಡನ ಮನೆಯಿಂದ ಬಂದಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ.

"ಆಯಿ, ಅರಿಷಿಣದಾಗ ಬಾವು ಇಳಿಸೂದು ಖರೆನಽ ಐತಿ. ನಾನು ಕಣ್ಣಾರೆ ನೋಡೀನಿ."

"ಯಾರ ಬಾವು ಇಳೀತೋ?"

"ಇಲಿದು. ಇಲಿ ಕಾಲ."

"ಇಲಿ ಕಾಲಿಗೆ ಬಾವು ಹ್ಯಾಂಗ ಬಂತು?"

"ಬರಿಸ್ತಾರ ಆಯಿ. ಚುಚ್ಚಿ."

ಆಯಿ ತನ್ನ ಎಡ ಮೊಣಕಾಲು ಸವರಿಕೊಂಡಳು.

"ಎಲ್ಲಾ ಇಲಿಗೂ ಅರಿಷಿಣ ಕೊಟ್ರೇನು?"

"ಎಲ್ಲಾಕ್ಕೂ ಇಲ್ಲ. ಅರ್ಧಾಕ್ಕ ಹಂಗಽ ಬಿಡ್ತಾರ, ತಾಳೆ ನೋಡಾಕ."

"ಹಂಗಽ ಬಿಟ್ಟದ್ದು ನನ್ನ ಎಡಗಾಲ," ಎಂದಳು ಆಯಿ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಕ್ಕಳೋ ಅತ್ತಳೋ ಎಂಬುದರ ಬಗ್ಗೆ ನಮ್ಮಿಬ್ಬರ ನೆನಪು ಬೇರೆಬೇರೆ. ನಾನು ನಕ್ಕಳು ಎನ್ನುತ್ತೇನೆ.

"ಹೇಳಿಬಿಡು ಆಯಿ. ಎಷ್ಟ ದಿನಾ ಹೊಟ್ಯಾಗ ಇಟ್ಕೋತಿ," ಎಂದಳು ಅಕ್ಕ.

"ಮೂರು ದಿನಾ ತಡಕೊಂಡ್ಯಾ. ಬಲಗಾಲ ಮಕ್ಕೊಂತಿತ್ತು, ಎಡಗಾಲ ಕುಂಯ್ ಅಂತಿತ್ತು. ಒಂದ ಮಗೂಗ ಹಾಲ ಕೊಟ್ಟು ಇನ್ನೊಂದರ ಬಾಯಿ ಕಟ್ಟಿದ್ಹಂಗ ಅನಸ್ತು. ಪದ್ಮಿ ಕೈಲೆ ಎರಡಕ್ಕೂ ಕಟ್ಟಿಸ್ಕೊಂಡ್ಯಾ."

"ಎರಡೂ ಇಳಿದಿದ್ವೇನು?"

"ನಡದ್ಹೋಗಿ ಬೆಟ್ಟ ಹತ್ತೂವಷ್ಟು."

"ಮತ್ತ ಅವತ್ತ ಯಾಕ ಹೇಳಲಿಲ್ಲ? ಹೇಳಿದ್ರ ಅಪ್ಪ ಕಳಸ್ತಿದ್ದ."

"ನಿಯಮ ಮುರದಿದ್ಯಾ. ಮುರದು ಮತ್ತ ಬೆಟ್ಟಕ್ಕ ಹ್ಯಾಂಗ ಹೋಗ್ಲಿ? ಹೋಗದಽ ಇರೂದಽ ಪ್ರಾಯಶ್ಚಿತ್ತ ಅಂತ ಕುಂತ್ಯಾ."

ಹೀಗೆ ನನಗೆ ನೆನಪು. ಆಯಿಯ ಕೊನೆಯ ಎರಡು ಮಾತು ಆಯಿ ಆಡಲೇ ಇಲ್ಲ, ಆಮೇಲೆ ಅಡಿಗೆಮನೆಯಲ್ಲಿ ತಾನು ಹೇಳಿದ್ದು ಎಂದು ಅಕ್ಕ ಈಗ ವಾದಿಸುತ್ತಾಳೆ. ಇರಬಹುದು. ದಾರಗಳನ್ನು ಆಯಿ ಬೇಕೆಂದೇ ಬತ್ತಿ ಮಾಡಿದಳೇ ಎಂದು ನಾನು ಕೇಳಿದೆನೆಂದೂ, ಅವಳು ಉತ್ತರ ಕೊಡಲಿಲ್ಲವೆಂದೂ ನನಗನ್ನಿಸುತ್ತದೆ, ಅದಕ್ಕೂ ಸಾಕ್ಷಿಯಿಲ್ಲ. ಅಂಗಳದಿಂದ ಪಡಸಾಲೆಯವರೆಗೆ ಹಳದಿ ಹರವಿದ ಮನೆಯಲ್ಲಿ ಅವಳ ಎಡಗಡೆಯ ಸೀರೆಯೂ ಹಳದಿಯಾಗಿದ್ದದ್ದು ನನಗೆ ಹೇಗೆ ಕಾಣಬೇಕಿತ್ತು. ಒಂದನ್ನು ಮಾತ್ರ ಒಪ್ಪಬೇಕು: ನಿಯಮ ಹಿಡಿಸಿದವನು ನಾನು. ಅಳತೆ ಬಿಗಿಯಾಗಲಿ ಎಂದು ಹಾಕಿದ ಗಂಟೇ ಅವಳನ್ನು ಮನೆಯಲ್ಲಿ ಕಟ್ಟಿಹಾಕಿತ್ತು. ಮತ್ತೆ, ಅವಳ ಬಾವು ಇಳಿದದ್ದು ಅರಿಷಿಣದಿಂದಲೇ ಎಂದು ಇಂದಿಗೂ ನಾನು ಪ್ರಮಾಣ ಮಾಡಲಾರೆ. ಔಡಲ ಎಣ್ಣೆ ಇತ್ತು, ಲಕ್ಕಿ ಎಲೆ ಇತ್ತು, ಶಾಖ ಇತ್ತು, ಹದಿನೈದು ದಿನದ ವಿಶ್ರಾಂತಿ ಇತ್ತು. ಇಲಿಯ ಪಾದ ಆಯಿಯ ಮೊಣಕಾಲಲ್ಲ. ಬಾಯಿಯಿಂದ ತೆಗೆದುಕೊಂಡರೆ ಆ ಹಳದಿ ರಕ್ತಕ್ಕೆ ಸೇರುವುದು ತೀರ ಕಡಿಮೆ ಎಂಬುದನ್ನೂ ಆಮೇಲೆ ಓದಿದೆ. ಇಷ್ಟೆಲ್ಲ ಗೊತ್ತಿದ್ದೂ ಆ ದಿನ ನನ್ನ ಎದೆ ಹನ್ನೊಂದರ ಹುಡುಗನಂತೆ ಹೊಡೆದುಕೊಳ್ಳುತ್ತಿತ್ತು.

"ಆಯಿ, ನಡಿ, ಬೆಟ್ಟಕ್ಕ ಹೋಗೂಣು."

"ಈ ಕಾಲ ತಗೊಂಡು?"

"ಹದಿನೈದ ದಿನಾ ಲೇಪ ಹಾಕೂಣು."

"ಯಾವ ಕಾಲಿಗೋ?" ಎಂದು ಕೇಳಿ ಆಯಿ ಅಕ್ಕನ ಕಡೆ ಕಣ್ಣು ಮಿಟುಕಿಸಿದಳು.

ನಾನು ಧಾರವಾಡಕ್ಕೆ ರಜೆಯ ಕಾಗದ ಬರೆದೆ. ಬಾಣಲೆ ಇಟ್ಟವನು ನಾನು, ಸುಣ್ಣ ಹಾಕಿದವನು ನಾನು. ಅಕ್ಕ ಎಲೆಗೆ ಸವರುತ್ತಿದ್ದಳು. ಕಟ್ಟುವ ಹೊತ್ತಿಗೆ ನಾನು ಹಳೆಯ ರೂಢಿಯಂತೆ ಹೊಸ್ತಿಲ ಹೊರಗೆ ನಿಂತೆ. ಒಳಗಿನಿಂದ ಆಯಿ ಕರೆದಳು.

"ಬಾರೋ ಒಳಗ. ಇಲಿ ಕಾಲ ನೋಡೀದಿ, ನನ್ನ ಕಾಲ ನೋಡಾಕ ಏನ ನಾಚಿಕಿ."

ಆ ಮೊಣಕಾಲುಗಳನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಅವುಗಳ ಬಗ್ಗೆ ಊರೂರಲ್ಲಿ ಕಥೆ ಹೇಳಿಕೊಂಡು ತಿರುಗಿದವನು ನಾನು. ಕುಂಬಾರ ಕೈಬಿಟ್ಟ ಮಣ್ಣಿನ ಮುದ್ದೆಗಳಂತೆ ಸೊಟ್ಟ, ಒಂದು ಇನ್ನೊಂದರ ಹಾಗಿರಲಿಲ್ಲ, ಎಂದೂ ಒಂದೇ ಅಳತೆಯವಾಗಿರಲು ಸಾಧ್ಯವಿಲ್ಲ. ಹಾಗಾದರೆ ಎರಡು ಸಲವೂ ಅಕ್ಕ ಒಂದೇ ಉದ್ದದ ದಾರಗಳನ್ನು ತಂದದ್ದು ಹೇಗೆ? ಅಕ್ಕನನ್ನು ನೋಡಿದೆ. ಅವಳು ಎಲೆಗಳ ಕಡೆ ನೋಡುತ್ತಿದ್ದಳು. ನಾನು ಕೇಳಲಿಲ್ಲ. ಬಲಗಾಲಿಗೆ ಕಟ್ಟಿದೆ, ಎಡಗಾಲಿಗೆ ಕಟ್ಟಿದೆ. ದಾರ ತರಲಿಲ್ಲ.

ಬೆಟ್ಟದ ಬುಡದಲ್ಲಿ ಡೋಲಿಯವರು ಸುತ್ತುವರಿದರು. ಆಯಿ ಅವರನ್ನು ಬೈದು ಓಡಿಸಿದಳು. ನನ್ನ ಭುಜದ ಮೇಲೊಂದು ಕೈ, ಅಕ್ಕನ ಭುಜದ ಮೇಲೊಂದು ಕೈ, ನಾಲ್ಕು ಮೆಟ್ಟಿಲು ಹತ್ತುವುದು, ಕೂಡುವುದು, ಮತ್ತೆ ನಾಲ್ಕು ಹತ್ತುವುದು. ನಮ್ಮ ಹಿಂದೆ ಹತ್ತಿದವರೆಲ್ಲ ದರ್ಶನ ಮುಗಿಸಿ ಇಳಿದು ಹೋದರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಆಯಿ ಮೇಲಿನ ಕಲ್ಲಿನ ಮೇಲೆ ಮೊಣಕಾಲೂರಿ ಬಗ್ಗಿ ಹಣೆ ಮುಟ್ಟಿಸಿದಳು. ಹಿಡಿಯಲು ಅಲ್ಲಿ ಕಂಬವಿರಲಿಲ್ಲ. ನಾನು ಕೈ ಚಾಚಿದೆ. ಹಿಡಿದುಕೊಂಡಳೋ ತಾನೇ ಎದ್ದಳೋ, ಇದೊಂದರ ಬಗ್ಗೆ ಮಾತ್ರ ನಾನು ಅಕ್ಕನನ್ನು ಇನ್ನೂ ಕೇಳಿಲ್ಲ.